ಮೂರನೆಯ ಊರು

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಅಚ್ಚಾದದ್ದು 1942ರಲ್ಲಿ. ಅಂದಿನಿಂದ ಇಂದಿನವರೆಗೆ ಕನ್ನಡದ ಗಂಡಹೆಂಡಿರಿಗೆ ಅದೊಂದು ಮನೆಯ ಪುಸ್ತಕ. ಕವಿ ಹುಟ್ಟಿದ ಕಿಕ್ಕೇರಿ ನಮ್ಮ ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನದು. ಹಾಗಾಗಿ ನಾಗಮಂಗಲದ ಕಡೆಯ ನಮಗೆ ಆ ಪದ್ಯಗಳ ಮೇಲೆ ಸ್ವಲ್ಪ ಹೆಚ್ಚಿನ ಸಲಿಗೆ. ಅಲ್ಲಿನ ಶಾನುಭೋಗರು, ಬಳೆಗಾರ, ನಾದಿನಿ ಎಲ್ಲರೂ ನಮ್ಮ ಬೀದಿಯವರೇ ಅನ್ನಿಸುತ್ತಾರೆ. ಸಲಿಗೆ ಇರುವ ಕಡೆ ಜಗಳವನ್ನೂ ಆಡಬಹುದು. ಇಲ್ಲಿ ನಾನು ಆಡಹೊರಟಿರುವುದು ಅಂಥದೊಂದು ಮನೆಯೊಳಗಿನ ಜಗಳ.

ಆ ಸಂಕಲನದಲ್ಲಿ ಒಂದು ಕವಿತೆ ಇದೆ. ಗಂಡ ಒಂದು ರಾತ್ರಿ ಕನಸಿನಲ್ಲಿ ಹೆಂಡತಿಯನ್ನು ಕೇಳುತ್ತಾನೆ: ನಿನಗೆ ನಮ್ಮ ಹೊನ್ನೂರು ಚೆಂದವೋ, ನಿಮ್ಮ ನವಿಲೂರು ಚೆಂದವೋ ಎಂದು. ಇದೆಂಥ ಪ್ರಶ್ನೆ, ಸುಮ್ಮನಿರಿ ಎಂದು ಅವಳು ಮೆಲ್ಲಗೆ ಗದರುತ್ತಾಳೆ. ಹಾಡಿಕೊಂಡು ಹೋದರೆ ತುಟಿಯಂಚಿನಲ್ಲಿ ನಗು ಬರುವ ಕವಿತೆ. ಆದರೆ ಹಾಡುವುದನ್ನು ನಿಲ್ಲಿಸಿ ಓದಿದರೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ಪ್ರಶ್ನೆ ಕೇಳಿದ್ದೂ ಕನಸಿನಲ್ಲಿ, ಉತ್ತರ ಬಂದದ್ದೂ ಅದೇ ಕನಸಿನಲ್ಲಿ. ಕನಸು ಗಂಡನದು. ಆದ್ದರಿಂದ ಅವಳ ಬಾಯಲ್ಲಿ ಬಂದ ಮಾತು ಕೂಡ ಅವನು ಕಂಡ ಮಾತೇ. ಎಚ್ಚರವಾದ ಮೇಲೆ ಅವನು ಅವಳನ್ನು ಇನ್ನೊಮ್ಮೆ ಕೇಳಿದನೇ? ಕವಿತೆ ಹೇಳುವುದಿಲ್ಲ. ಎರಡನೆಯದು, ಆರಿಸಿಕೊಳ್ಳಲು ಅವಳ ಮುಂದೆ ಇಟ್ಟದ್ದು ಎರಡೇ ಊರು, ತವರೂರು ಮತ್ತು ಗಂಡನ ಊರು. ಮೂರನೆಯ ಊರು ಎಂಬುದೊಂದು ಆ ಲೋಕದಲ್ಲಿ ಇಲ್ಲವೇ ಇಲ್ಲ.

ಇಡೀ ಪುಸ್ತಕವನ್ನು ಈ ಕಣ್ಣಿನಿಂದ ನೋಡಿ. ಬಳೆಗಾರ ಚೆನ್ನಯ್ಯ ಬರುವುದು ತವರಿನಲ್ಲಿರುವ ಹೆಂಡತಿಯ ಸುದ್ದಿ ಹೊತ್ತು, ಗಂಡನ ಬಾಗಿಲಿಗೆ. ರಾಯರು ರಾತ್ರಿ ಹೊತ್ತು ಮಾವನ ಮನೆಗೆ ಬಂದಿಳಿದರೆ ಇಡೀ ಮನೆ ಉಪಚಾರಕ್ಕೆ ನಿಲ್ಲುತ್ತದೆ, ಪದುಮ ಮಾತ್ರ ಒಳಗಿಲ್ಲ. ಯಾಕಿಲ್ಲ ಎಂದು ಕವಿ ಬಿಡಿಸಿ ಹೇಳಬೇಕಾಗಿಲ್ಲ, ಓದುವ ಹೆಂಗಸಿಗೆ ತಿಳಿಯುತ್ತದೆ. ಬೆಳಗ್ಗೆ ರಾಯರು ಮುನಿಸಿಕೊಂಡು ಹೊರಟು ನಿಂತಾಗಲಷ್ಟೆ ಅವಳು ಹೂ ಮುಡಿದು ಕೋಣೆಗೆ ಬರುತ್ತಾಳೆ. ಈ ಕವಿತೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಆ ಪ್ರೀತಿ ಓಡಾಡುವುದು ಎರಡು ಅಡುಗೆಮನೆಗಳ ನಡುವಿನ ಹಾದಿಯಲ್ಲಿ. ಎರಡೂ ತುದಿಯಲ್ಲಿ ಜನ ಕಾಯುತ್ತಿರುತ್ತಾರೆ.

1992ರಲ್ಲಿ ಟಿ.ಎಸ್. ನಾಗಾಭರಣ ಈ ಕವಿತೆಗಳನ್ನು ಇಟ್ಟುಕೊಂಡು ‘ಮೈಸೂರ ಮಲ್ಲಿಗೆ’ ಸಿನಿಮಾ ಮಾಡಿದರು. ಗೀತರಚನೆಗಾಗಿ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ವಯಸ್ಸಿನ ಎಷ್ಟೋ ಹೆಂಗಸರು ಆ ಹಾಡುಗಳನ್ನು ಗುನುಗುತ್ತಲೇ ರಾಗಿ ಬೀಸಿದ್ದೇವೆ, ಮಕ್ಕಳ ಸಮವಸ್ತ್ರ ಒಗೆದಿದ್ದೇವೆ. ಹಾಡು ಹೇಳಿದ ಪ್ರೀತಿಗೂ ಕೈಯಲ್ಲಿದ್ದ ಕೆಲಸಕ್ಕೂ ನಡುವಿನ ದೂರ ಎಷ್ಟೆಂದು ಅಳೆಯಲು ಆಗ ಪುರುಸೊತ್ತಿರಲಿಲ್ಲ.

ಈಗ ಕಾಲ ಬದಲಾಗಿದೆ ಎನ್ನುತ್ತೀರಿ. ನಿಜ. ನಮ್ಮ ಬೀದಿಯ ಹುಡುಗಿಯೊಬ್ಬಳು ಗಂಡನ ಜೊತೆ ಅಮೆರಿಕದಲ್ಲಿದ್ದಾಳೆ. ಹೋದ ವರ್ಷ ಇಬ್ಬರೂ ಕೆರಿಬಿಯನ್ ಸಮುದ್ರದ ದ್ವೀಪಗಳಿಗೆ ಹೋಗಿದ್ದರು. ಒಂದು ದ್ವೀಪದಲ್ಲಿ ಎರಡು ದಿನ, ಇನ್ನೊಂದರಲ್ಲಿ ಮೂರು ದಿನ, ಹೀಗೆ. ಏನೂ ಅವಸರವಿಲ್ಲ, ನೋಡಲೇಬೇಕಾದ ಗುಡಿಯಿಲ್ಲ, ತೀರಿಸಬೇಕಾದ ಹರಕೆಯಿಲ್ಲ. ಊರಿಗೆ ಬಂದಾಗ ಫೋನಿನಲ್ಲಿ ಚಿತ್ರ ತೋರಿಸಿದಳು. ನೀಲಿ ನೀರು, ಬಿಳಿ ಮರಳು, ಒರಗುಕುರ್ಚಿಯಲ್ಲಿ ಕಾಲು ಚಾಚಿ ಕುಳಿತ ಇಬ್ಬರು. ಅವಳ ಅಜ್ಜಿ ಎಲ್ಲವನ್ನೂ ಸಮಾಧಾನದಿಂದ ನೋಡಿ ಕೇಳಿದ್ದು ಒಂದೇ ಮಾತು: “ಅಲ್ಲಿ ಯಾರ್ ಮನೇಲಿ ಇಳ್ಕೊಂಡಿದ್ರವ್ವಾ?”

ಎಲ್ಲರೂ ನಕ್ಕರು. ಆದರೆ ಅಜ್ಜಿಯ ಪ್ರಶ್ನೆ ‘ಮೈಸೂರ ಮಲ್ಲಿಗೆ’ಯ ಲೋಕದ್ದೇ. ಹೆಣ್ಣು ಹೊರಟಳೆಂದರೆ ಯಾರದ್ದಾದರೂ ಮನೆಗೆ ಹೊರಟಿರಬೇಕು. ಮದುವೆ, ಬಾಣಂತನ, ತಿಥಿ, ಮನೆದೇವರು, ಆಸ್ಪತ್ರೆ – ಇವು ನಮ್ಮ ಪ್ರಯಾಣದ ಐದು ಕಾರಣಗಳು. ಸುಮ್ಮನೆ ಹೋದೆವು ಎನ್ನುವುದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ.

ಹಾಗೆಂದು ಆ ನೀಲಿ ನೀರಿನ ಚಿತ್ರವನ್ನು ಕಂಡು ಇದೇ ಬಿಡುಗಡೆ ಎಂದು ಮೈಮರೆಯಬೇಕಾಗಿಯೂ ಇಲ್ಲ. ಆ ದ್ವೀಪಗಳಲ್ಲೊಂದಾದ ಆಂಟಿಗುವಾದಲ್ಲಿ ಹುಟ್ಟಿದ ಲೇಖಕಿ ಜಮೈಕಾ ಕಿನ್‌ಕೇಡ್ 1988ರಲ್ಲಿ ‘ಎ ಸ್ಮಾಲ್ ಪ್ಲೇಸ್’ ಎಂಬ ಪುಟ್ಟ ಪುಸ್ತಕ ಬರೆದಳು. ವಿಮಾನದಿಂದಿಳಿದು ಬರುವ ಪ್ರವಾಸಿಯನ್ನು ‘ನೀನು’ ಎಂದೇ ಮುಖಕ್ಕೆ ಮುಖ ಕೊಟ್ಟು ಮಾತಾಡಿಸುತ್ತಾಳೆ. ನೀನು ಕಾಣುವ ಸುಂದರ ಸಮುದ್ರಕ್ಕೆ ನಿನ್ನ ಹೋಟೆಲಿನ ಕೊಳಕು ಎಲ್ಲಿ ಸೇರುತ್ತದೆಂದು ಯೋಚಿಸಿದ್ದೀಯಾ ಎಂದು ಕೇಳುತ್ತಾಳೆ. 1974ರ ಭೂಕಂಪದಲ್ಲಿ ಹಾಳಾದ ಊರಿನ ಗ್ರಂಥಾಲಯ, ದುರಸ್ತಿ ಆಗಬೇಕಿದೆ ಎಂಬ ಫಲಕ ತೂಗಿಸಿಕೊಂಡು ವರ್ಷಗಟ್ಟಲೆ ನಿಂತದ್ದನ್ನು ತೋರಿಸುತ್ತಾಳೆ. ಎಲ್ಲ ಊರಿನವರಿಗೂ ತಮ್ಮ ದಿನದಿನದ ಬೇಸರದಿಂದ ಒಮ್ಮೆ ಹೊರಗೆ ಹೋಗಿಬರುವ ಆಸೆ ಇರುತ್ತದೆ. ಆದರೆ ಲೋಕದ ಬಹುಪಾಲು ಬಡವರು ಎಲ್ಲಿಗೂ ಹೋಗಲಾರರು, ಅದಕ್ಕೇ ಅವರಿಗೆ ಪ್ರವಾಸಿಯನ್ನು ಕಂಡರೆ ಹೊಟ್ಟೆಯುರಿ ಎನ್ನುವುದು ಅವಳ ವಾದದ ತಿರುಳು. ಮಾತು ಕಹಿ, ಆದರೆ ಸುಳ್ಳಲ್ಲ.

ಮಂಡ್ಯ ಜಿಲ್ಲೆಯವರಾದ ನಮಗೆ ಆ ದ್ವೀಪಗಳ ಜೊತೆ ಒಂದು ನಂಟೂ ಉಂಟು, ಕಬ್ಬಿನ ನಂಟು. ಆಫ್ರಿಕಾದಿಂದ ಹೊತ್ತುತಂದ ಗುಲಾಮರ ಬೆವರಿನಲ್ಲಿ ಅಲ್ಲಿನ ಕಬ್ಬು ಬೆಳೆಯಿತು. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಆಮೇಲೆ ಅದೇ ಗದ್ದೆಗಳಿಗೆ ಹಿಂದೂಸ್ತಾನದ ಬಡವರನ್ನು ಕರಾರಿನ ಮೇಲೆ ಹಡಗು ತುಂಬಿ ಒಯ್ದರು. ಟ್ರಿನಿಡಾಡಿಗೆ ಅಂಥ ಮೊದಲ ಹಡಗು ಮುಟ್ಟಿದ್ದು 1845ರಲ್ಲಿ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಾಗ ನಮ್ಮ ರೈತ ತನ್ನದೇ ಗದ್ದೆಯ ಕಬ್ಬನ್ನು ಗಾಡಿಗೆ ಹೇರಿದ. ಆ ದ್ವೀಪಗಳಲ್ಲಿ ಕಬ್ಬು ಕಡಿದವರಿಗೆ ಗದ್ದೆಯೂ ತಮ್ಮದಲ್ಲ, ಎಷ್ಟೋ ಕಾಲ ಮೈಯೂ ತಮ್ಮದಲ್ಲ. ಬಿಳಿ ಮರಳಿನ ಚಿತ್ರದಲ್ಲಿ ಇದಾವುದೂ ಕಾಣುವುದಿಲ್ಲ.

ಹಾಗಾದರೆ ಮೂರನೆಯ ಊರು ಬೇಡವೇ? ಬೇಕು. ಅದಕ್ಕೆ ಸಮುದ್ರ ದಾಟಬೇಕಾಗಿಲ್ಲ ಎನ್ನುವುದು ನನ್ನ ಮಾತು. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಾದಿ ನಮ್ಮ ಕಾವೇರಿಯಲ್ಲೇ ಇದೆ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ಹೊಳೆ ಎರಡಾಗಿ ಕವಲೊಡೆದು ಮತ್ತೆ ಕೂಡಿಕೊಂಡ ಮೂರು ನಡುಗಡ್ಡೆ. ಒಂದೇ ದಿನದಲ್ಲಿ ಮೂರೂ ರಂಗನನ್ನು ನೋಡಿದರೆ ಪುಣ್ಯವೆಂದು ಹಿರಿಯರು ಓಡಿಸುತ್ತಾರೆ. ನಾನೂ ನಮ್ಮ ಮನೆಯವರೂ ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೆ, ಒಂದು ಕಾರ್ತಿಕದಲ್ಲಿ, ಪುಣ್ಯದ ಅವಸರವಿಲ್ಲದೆ ಮೊದಲ ಎರಡಕ್ಕೆ ಮೂರು ದಿನ ಕೊಟ್ಟೆವು. ಪಾಂಡವಪುರದ ಮೇಲೆ ಹೋಗುವ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಉಚಿತವಲ್ಲವೇ, ಕಂಡಕ್ಟರು ನನಗೆ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟು ಇವರ ಕಡೆ ಕೈಚಾಚಿದ. ಮದುವೆಯಾದಾಗಿನಿಂದ ನನ್ನ ಟಿಕೆಟ್ಟನ್ನೂ ಸೇರಿಸಿ ಕೊಂಡ ಮನುಷ್ಯ ತಮ್ಮೊಬ್ಬರದನ್ನೇ ಕೊಂಡು ಕಿಟಕಿಯ ಕಡೆ ನೋಡುತ್ತ ಕುಳಿತರು.

ಶ್ರೀರಂಗಪಟ್ಟಣ ನಮಗೆ ಹೊಸದಲ್ಲ. ತಿರುಮಲಯ್ಯ ಎಂಬ ಗಂಗರ ಸಾಮಂತ 894ರಲ್ಲಿ ಕಟ್ಟಿಸಿದನೆನ್ನುವ ಗುಡಿ, 1784ರ ದರಿಯಾ ದೌಲತ್, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ – ಶಾಲೆಯ ಮಕ್ಕಳ ಸಾಲಿನ ಹಿಂದೆ ನಡೆದು ಎಲ್ಲ ನೋಡಿದ್ದೇ. ಹೊಸದಾದದ್ದು ಅಲ್ಲಿ ರಾತ್ರಿ ತಂಗಿದ್ದು. ಸಂಜೆ ಆರಾಗುತ್ತಲೇ ನಾಳೆಗೆ ಕಾಳು ನೆನೆಹಾಕಬೇಕಲ್ಲ ಎಂದು ಕೈ ತಾನಾಗಿ ಎದ್ದಿತು. ನೆನೆಹಾಕಲು ಪಾತ್ರೆಯೇ ಇರಲಿಲ್ಲ. ಆಗ ಇವರು ಕೇಳಿದರು: “ಊಟಕ್ಕೆ ಏನು ತರಿಸಲಿ? ನಿಂಗೇನಿಷ್ಟ?”

ಮೂವತ್ತು ವರ್ಷ ನಾನು ಕೇಳಿದ ಪ್ರಶ್ನೆ “ಏನು ಮಾಡಿದೀಯ?” ಎಂಬುದು. ಇದು ಬೇರೆ ಪ್ರಶ್ನೆ, ಅದೂ ಎಚ್ಚರದಲ್ಲಿ ಕೇಳಿದ್ದು. ಇವರಿಗೆ ಮುದ್ದೆ ಬಿಸಿ ಇರಬೇಕು, ಅತ್ತೆಯವರಿಗೆ ಖಾರ ಆಗದು, ಮಗನಿಗೆ ಬದನೆ ಸೇರದು, ಎಲ್ಲ ಗೊತ್ತು. ನನಗೇನಿಷ್ಟ ಎಂದು ಹೇಳಲು ಬಹಳ ಹೊತ್ತು ಬೇಕಾಯಿತು. ಕೊನೆಗೆ ಮಸಾಲೆದೋಸೆ ಎಂದೆ. ಊಟದ ಹೊತ್ತಿನಲ್ಲಿ ದೋಸೆಯೇ ಎಂದು ಇವರು ಹುಬ್ಬೇರಿಸಿದರೂ ತರಿಸಿದರು. ನರಸಿಂಹಸ್ವಾಮಿಯವರ ಕವಿತೆಯ ಹೆಂಡತಿ ಏಕೆ ಉತ್ತರ ಕೊಡದೆ ಗದರಿ ಸುಮ್ಮನಾದಳು ಎಂಬುದಕ್ಕೆ ನನಗೊಂದು ಕಾರಣ ಹೊಳೆದದ್ದು ಅಲ್ಲಿ. ಅದು ನಾಚಿಕೆಯೇ ಇರಬೇಕೆಂದಿಲ್ಲ. ಕೇಳಿಸಿಕೊಂಡು ಅಭ್ಯಾಸವಿಲ್ಲದವಳಿಗೆ ಉತ್ತರ ಸಿದ್ಧವಿರುವುದಿಲ್ಲ.

ಮಾರನೆಯ ದಿನ ರಂಗನತಿಟ್ಟು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಒಡ್ಡು ಕಟ್ಟಿಸಿದಾಗ ಎದ್ದ ದಿಬ್ಬಗಳು ಇವು. ಪಕ್ಷಿತಜ್ಞ ಸಲೀಂ ಅಲಿ ಒಡೆಯರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದರು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ದೋಣಿ ದಿಬ್ಬಗಳ ಸುತ್ತ ಹೋಗುತ್ತದೆ, ಯಾರನ್ನೂ ಇಳಿಸುವುದಿಲ್ಲ. ಕಿನ್‌ಕೇಡಳಿಗೆ ಇದು ಮೆಚ್ಚಿಗೆಯಾಗುತ್ತಿತ್ತೇನೋ. ದ್ವೀಪ ಅಲ್ಲಿ ಬದುಕುವವರದು, ನೋಡುವವರು ದೂರದಿಂದ ನೋಡಿ ಹೋಗಬೇಕು. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಅದಕ್ಕೂ ಏನೂ ಅವಸರವಿರಲಿಲ್ಲ.

ಸಂಗಮದ ಹತ್ತಿರ ಸೌತೆಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿ ಮಾರುವ ಹೆಂಗಸಿನ ಜೊತೆ ಮಾತಿಗೆ ಕುಳಿತೆ. ಹುಟ್ಟಿದ್ದೂ ಅದೇ ನಡುಗಡ್ಡೆಯಲ್ಲಿ, ಕೊಟ್ಟದ್ದೂ ಅಲ್ಲಿಗೇ. “ನಂಗೆ ತೌರೂ ಇದೇಯ, ಗಂಡನ ಮನೇನೂ ಇದೇಯ ಕಣಕ್ಕ” ಎಂದಳು. ಹೊನ್ನೂರು ನವಿಲೂರು ಎರಡೂ ಒಂದೇ ಆದವಳು! ಬಸ್ಸು ಬಿಟ್ಟಿಯಾದ ಮೇಲೆ ಓಣಿಯ ಹೆಂಗಸರ ಜೊತೆ ಧರ್ಮಸ್ಥಳ ನೋಡಿ ಬಂದಳಂತೆ. ಗಂಡನನ್ನು ಕರೆದುಕೊಂಡು ಹೋಗಲಿಲ್ಲವೇ ಎಂದರೆ, “ಅವ್ರೂ ಬಂದ್ರೆ ಅಂಗಡಿ ನೋಡೋರ್ಯಾರಕ್ಕ?” ಎಂದಳು. ಲೇಖಕಿ ಪುಸ್ತಕದಲ್ಲಿ ಬರೆದದ್ದನ್ನು ಇವಳು ಸೌತೆಕಾಯಿ ಹೆಚ್ಚುತ್ತ ಹೇಳಿದಳು. ಒಬ್ಬರ ವಿರಾಮವನ್ನು ಇನ್ನೊಬ್ಬರ ದುಡಿಮೆ ಹೊತ್ತಿರುತ್ತದೆ. ನಾನು ಮೂರು ದಿನ ಒಲೆಯಿಂದ ದೂರವಿದ್ದೆ ಎಂದರೆ ಇನ್ನೊಬ್ಬ ಹೆಂಗಸು ಯಾವುದೋ ಖಾನಾವಳಿಯ ಒಲೆಯ ಮುಂದಿದ್ದಳು ಎಂದೇ ಅರ್ಥ. ಅದನ್ನು ತಿಳಿದೂ ನನಗೆ ಆ ಮೂರು ದಿನ ಬೇಕಿತ್ತು. ಅವಳಿಗೂ, ಗಂಡನ ಜೊತೆಗೇ, ಅಂಥ ಮೂರು ದಿನ ಸಿಗಬೇಕು.

ಶಿವನಸಮುದ್ರದಲ್ಲಿ ಕಾವೇರಿ ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತದೆ. 1902ರಿಂದ ಇಲ್ಲಿನ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬೆಳಕು ಕೊಟ್ಟಿತು. ನೀರಿನ ಮೊರೆತಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮಕ್ಕಳ ಫೀಸು, ನಾದಿನಿಯ ಸೀಮಂತ, ಸೋರುವ ಹಂಚು ಯಾವುದನ್ನೂ ಮಾತಾಡದೆ ಗಂಡಹೆಂಡಿರು ಒಂದು ಗಂಟೆ ಪಕ್ಕಪಕ್ಕ ಕುಳಿತಿರಬಹುದು ಎಂಬುದು ನಮಗಿಬ್ಬರಿಗೂ ಅಚ್ಚರಿ.

ಇಷ್ಟೆಲ್ಲ ಹೇಳಿ ನರಸಿಂಹಸ್ವಾಮಿಯವರನ್ನು ಬಿಟ್ಟುಕೊಡುತ್ತೇನೆಂದು ತಿಳಿಯಬೇಡಿ. ಮದುವೆಯಾದ ಹೆಂಡತಿಯನ್ನೇ ಪ್ರೇಯಸಿಯೆಂದು ಕಂಡು ಬರೆದದ್ದು, ಅವಳಿಗೆ ಗದರುವ ಬಾಯಿ ಕೊಟ್ಟದ್ದು ದೊಡ್ಡ ಸಂಗತಿ. ಮುಂದೆ ಅವರ ಕಾವ್ಯ ‘ಶಿಲಾಲತೆ’, ‘ತೆರೆದ ಬಾಗಿಲು’ಗಳಲ್ಲಿ ದಾಂಪತ್ಯದಾಚೆಯ ನೋವುಗಳತ್ತಲೂ ತಿರುಗಿತು, ‘ತೆರೆದ ಬಾಗಿಲು’ ಸಂಕಲನಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನನ್ನ ಜಗಳ ಕವಿಯ ಜೊತೆಗಿಂತ ಆ ಕವಿತೆಗಳನ್ನು ಎಂಟು ದಶಕದಿಂದ ಹಾಡಿಕೊಂಡೇ ಬಂದು, ಅದರಲ್ಲಿನ ಪ್ರಶ್ನೆಯನ್ನು ಮನೆಯಲ್ಲಿ ಒಮ್ಮೆಯೂ ಕೇಳದ ನಮ್ಮ ಗಂಡಸರ ಜೊತೆ. ಇನ್ನು ನಾವೂ ಅಷ್ಟೆ. ಕೇಳಿದರೆ ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡವರು ನಮ್ಮಲ್ಲಿ ಎಷ್ಟು ಮಂದಿ?

‘ಮೈಸೂರ ಮಲ್ಲಿಗೆ’ಯನ್ನು ಈಗಲೂ ಮದುವೆಯ ಮನೆಗೆ ಉಡುಗೊರೆ ಒಯ್ಯುತ್ತೇನೆ. ಆದರೆ ಇತ್ತೀಚೆಗೆ ಹುಡುಗಿಗೆ ಪುಸ್ತಕ ಕೊಡುವಾಗ ಆ ಕನಸಿನ ಕವಿತೆ ಇರುವ ಪುಟದಲ್ಲಿ ಒಂದು ಹಾಳೆ ಇಟ್ಟು ಕೊಡುತ್ತಿದ್ದೇನೆ. ಅದರ ಮೇಲೆ ಏನೂ ಬರೆದಿರುವುದಿಲ್ಲ. ಮೂರನೆಯ ಊರಿನ ಹೆಸರನ್ನು ಅವಳೇ ಬರೆದುಕೊಳ್ಳಲಿ.