ಹಕ್ಕೋ ವಿನಾಯಿತಿಯೋ: ಗರ್ಭಪಾತ ಕಾಯ್ದೆ ಮತ್ತು ಸುಪ್ರೀಂ ಕೋರ್ಟಿನ ಎರಡು ತೀರ್ಮಾನಗಳು

ಭಾರತದಲ್ಲಿ ಗರ್ಭಪಾತ ಮಾಡಿಸುವುದು ಮೂಲತಃ ಶಿಕ್ಷಾರ್ಹ ಅಪರಾಧ. ದಂಡ ಸಂಹಿತೆಯ 312ನೆಯ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಾಗಿ ಉಳಿದಿದೆ. ಶಾಂತಿಲಾಲ್ ಷಾ ಸಮಿತಿಯ ಶಿಫಾರಸುಗಳನ್ನು ಆಧರಿಸಿ ಬಂದ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯು ಈ ಅಪರಾಧಕ್ಕೆ ವಿನಾಯಿತಿಗಳನ್ನು ಕಲ್ಪಿಸಿತೇ ಹೊರತು ನಿರ್ಧಾರದ ಅಧಿಕಾರವನ್ನು ಸ್ತ್ರೀಗೆ ಕೊಡಲಿಲ್ಲ; ಅದು ನೋಂದಾಯಿತ ವೈದ್ಯರ ಅಭಿಪ್ರಾಯಕ್ಕೆ ಬಿಟ್ಟ ವಿಷಯವಾಯಿತು. 2021ರ ತಿದ್ದುಪಡಿಯೂ ಅವಧಿಯನ್ನಷ್ಟೇ ಹಿಗ್ಗಿಸಿತು: 20 ವಾರಗಳವರೆಗೆ ಒಬ್ಬ ವೈದ್ಯರ, ನಿಯಮಗಳು ಹೆಸರಿಸಿದ ವರ್ಗದವರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಒಪ್ಪಿಗೆ ಬೇಕು, ಅದರಾಚೆಗೆ ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿರಬೇಕು, ಇಲ್ಲವೇ ಭ್ರೂಣದಲ್ಲಿ ಗಂಭೀರ ನ್ಯೂನತೆಯಿದೆಯೆಂದು ವೈದ್ಯಕೀಯ ಮಂಡಳಿ, ಅಂದರೆ ತಜ್ಞವೈದ್ಯರ ಸಮಿತಿ, ಹೇಳಬೇಕು.

ವೈಧವ್ಯ ಅಥವಾ ವಿಚ್ಛೇದನದಿಂದ ವೈವಾಹಿಕ ಸ್ಥಿತಿ ಬದಲಾದವರು ಇಂಥ ಒಂದು ವರ್ಗ. ಅವಿವಾಹಿತೆ ಇದರಲ್ಲಿ ಸೇರುವುದಿಲ್ಲವೆಂದು ದೆಹಲಿ ಹೈಕೋರ್ಟ್ 25 ವರ್ಷದ ಯುವತಿಯೊಬ್ಬರ ಕೋರಿಕೆಯನ್ನು ನಿರಾಕರಿಸಿತ್ತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠವು 2022ರ ಸೆಪ್ಟೆಂಬರ್ 29ರಂದು ಈ ಸಂಕುಚಿತ ಅರ್ಥವನ್ನು ತಳ್ಳಿಹಾಕಿ, ವಿವಾಹಿತೆ–ಅವಿವಾಹಿತೆ ಎಂಬ ಭೇದ ಸಂವಿಧಾನಕ್ಕೆ ಒಪ್ಪುವಂಥದ್ದಲ್ಲವೆಂದು ಸಾರಿತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಡಾಬ್ಸ್ ಪ್ರಕರಣದಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನೇ ರದ್ದುಪಡಿಸಿದ್ದರಿಂದ, ಭಾರತದ ತೀರ್ಪಿಗೆ ಅದರ ನಿಜವಾದ ವ್ಯಾಪ್ತಿಗಿಂತ ಹೆಚ್ಚಿನ ಪ್ರಶಂಸೆ ದೊರೆಯಿತು.

ಆ ವ್ಯಾಪ್ತಿಯ ಮಿತಿ ಮರುವರ್ಷವೇ ಬಯಲಾಯಿತು. ಹೆರಿಗೆಯ ನಂತರದ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ, ಎರಡು ಮಕ್ಕಳ ತಾಯಿಯೊಬ್ಬರಿಗೆ 26 ವಾರಗಳ ಗರ್ಭವನ್ನು ತೆಗೆಸಲು 2023ರ ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟಿನ ಇನ್ನೊಂದು ಪೀಠದಿಂದ ಅನುಮತಿ ಸಿಕ್ಕಿತು. ಭ್ರೂಣವು ಬದುಕಬಲ್ಲದೆಂದು ಏಮ್ಸ್ ವೈದ್ಯರು ತಿಳಿಸಿದ ಮೇಲೆ ಕೇಂದ್ರ ಸರ್ಕಾರ ಆದೇಶದ ಮರುಪರಿಶೀಲನೆ ಕೋರಿತು. ಅದೇ ಪೀಠದಲ್ಲಿ ನ್ಯಾಯಮೂರ್ತಿ ಹಿಮಾ ಕೊಹ್ಲಿ ಅನುಮತಿಯಿಂದ ಹಿಂದೆ ಸರಿದರೆ, ಸ್ತ್ರೀಯ ನಿರ್ಧಾರವನ್ನು ಗೌರವಿಸಬೇಕೆಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಭಿನ್ನಮತ ತಾಳಿದರು. ಕೊನೆಗೆ ಅಕ್ಟೋಬರ್ 16ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಅನುಮತಿಯನ್ನು ನಿರಾಕರಿಸಿತು.

ಕಾಯ್ದೆಯ ಅಕ್ಷರಕ್ಕೆ ಈ ನಿರಾಕರಣೆ ವಿರುದ್ಧವಲ್ಲ. ಆಕ್ಷೇಪಾರ್ಹವಾದದ್ದು ಆ ಅಕ್ಷರವೇ. ಭಾರತದ ರಾಜಕೀಯ ಪಕ್ಷಗಳು ಗರ್ಭಪಾತವನ್ನು ಚುನಾವಣೆಯ ಅಸ್ತ್ರವಾಗಿಸಿಲ್ಲವೆಂಬುದು ಸಮಾಧಾನದ ಸಂಗತಿಯೇ ಆದರೂ, ಆ ಮೌನದ ಮರೆಯಲ್ಲಿ ಶಾಸಕಾಂಗವು ತನ್ನ ಹೊಣೆಯನ್ನು ವೈದ್ಯರ ಮತ್ತು ನ್ಯಾಯಪೀಠಗಳ ಮೇಲೆ ಹೊರಿಸಿದೆ. ವ್ಯಾಖ್ಯಾನದ ಬಲದಿಂದ ನ್ಯಾಯಾಲಯವು ವಿನಾಯಿತಿಯನ್ನು ವಿಸ್ತರಿಸಬಹುದು, ಅದನ್ನು ಹಕ್ಕಾಗಿ ಬರೆಯಬೇಕಾದದ್ದು ಸಂಸತ್ತೇ.