ಕೋವಿಯ ಮರಕ್ಕೆ ಯಾವ ಮೆರುಗು?

ಹಳೆಯ ಕೋವಿಯ ಹಿಡಿಗೆ ಹೊಸ ಮೆರುಗು ಕೊಡಲು ಹೊರಟವರಿಗೆ ಮೊದಲು ಸಿಗುವ ಸಲಹೆ ಅಗಸೆ ಎಣ್ಣೆ. ಇಂಗ್ಲೆಂಡಿನ ಹೆಸರಾಂತ ತಯಾರಕರು ಆಕ್ರೋಟು ಮರಕ್ಕೆ ತಿಕ್ಕುತ್ತಿದ್ದುದು ಅದನ್ನೇ, ಎರಡು ಮಹಾಯುದ್ಧಗಳನ್ನು ಕಂಡ ಲೀ-ಎನ್‌ಫೀಲ್ಡ್ ರೈಫಲ್ಲಿಗೂ ಅದೇ, ಇನ್ನೇನು ಬೇಕು ಎಂಬ ಧಾಟಿ. ಲಂಡನ್ನಿನ ಮಟ್ಟಿಗೆ ಈ ಮಾತು ಒಪ್ಪುವಂಥದ್ದೇ. ನಮ್ಮಲ್ಲಿ ಕೋವಿ ಇನ್ನೂ ಮನೆಯ ಸಾಮಾನಾಗಿ ಉಳಿದಿರುವುದು ಕೊಡಗಿನಲ್ಲಿ, ಮಲೆನಾಡಿನಲ್ಲಿ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಘಟ್ಟದ ಉಳಿದ ಕಡೆ ಬೆಳೆ ಕಾಯಲು ಲೈಸೆನ್ಸ್ ಪಡೆದ ಒಂಟಿ ನಳಿಗೆ, ಜೋಡು ನಳಿಗೆಗಳಿವೆ. ವರ್ಷಕ್ಕೆ 100 ಇಂಚು ದಾಟಿ ಮಳೆ ಸುರಿಯುವ ಸೀಮೆ ಅದು. ಅಲ್ಲಿ ಅಗಸೆ ಎಣ್ಣೆಯ ಮೇಲಿನ ಈ ಭಕ್ತಿಯನ್ನು ಸ್ವಲ್ಪ ಪರೀಕ್ಷೆಗೊಡ್ಡಬೇಕು.

ಅಗಸೆ ಎಣ್ಣೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಸಿ ಎಣ್ಣೆಗೆ ಇದಕ್ಕೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಪೇಂಟಿನಂಗಡಿಯಲ್ಲಿ ಬಾಯಿಲ್ಡ್ ಎಂದು ಕೊಡುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸಿ ಬೇಗ ಒಣಗುವಂತೆ ಮಾಡಿದ ಎಣ್ಣೆ. ಇಂಗ್ಲಿಷ್ ಕಸುಬುದಾರರ ಕ್ರಮ ಬೇರೆಯೇ. ರತನ್‌ಜೋತ್‌ನ ಜಾತಿಯ ಕೆಂಪು ಬೇರನ್ನು ಎಣ್ಣೆಯಲ್ಲಿ ನೆನೆಹಾಕಿ ಬಣ್ಣ ಬಿಡಿಸಿ, ಮರದ ರಂಧ್ರಗಳನ್ನು ಮುಚ್ಚಿ, ಅಂಗೈ ಬಿಸಿಯಾಗುವಷ್ಟು ತಿಕ್ಕಿ, ವಾರಗಳವರೆಗೆ ಮತ್ತೆ ಮತ್ತೆ ಅದನ್ನೇ ಮಾಡುತ್ತಿದ್ದರು. ದಿನಕ್ಕೊಮ್ಮೆಯಂತೆ ವಾರ, ವಾರಕ್ಕೊಮ್ಮೆಯಂತೆ ತಿಂಗಳು, ತಿಂಗಳಿಗೊಮ್ಮೆಯಂತೆ ವರ್ಷ ಎಂಬ ಲೆಕ್ಕ ಬಂದದ್ದು ಹಾಗೆ. ಆ ಕೆಲಸದ ಚೆಲುವನ್ನು ಅಲ್ಲಗಳೆಯುವಂತಿಲ್ಲ. ಮರದ ಗೆರೆಗಳು ಒಳಗಿನಿಂದಲೇ ಹೊಳೆದಂತೆ ಕಾಣುತ್ತವೆ. ಯಾವ ಡಬ್ಬಿಯ ವಾರ್ನಿಶ್ಶೂ ಆ ಆಳ ಕೊಡುವುದಿಲ್ಲ.

ಚೆಲುವು ಬೇರೆ, ಕಾವಲು ಬೇರೆ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯ ನಾನಾ ಬಗೆಯ ಲೇಪಗಳು ಗಾಳಿಯ ತೇವವನ್ನು ಎಷ್ಟು ತಡೆಯುತ್ತವೆ ಎಂದು ಅಳೆದಾಗ, ಅಗಸೆ ಎಣ್ಣೆಯೂ ಚೀನಾ ಮೂಲದ ಟಂಗ್ ಎಣ್ಣೆಯೂ ಪಟ್ಟಿಯ ತಳದಲ್ಲೇ ನಿಂತವು. ಅಂದರೆ ಜುಲೈ ತಿಂಗಳ ಗಾಳಿಗೆ ಎಣ್ಣೆ ತಿಕ್ಕಿದ ಹಿಡಿಯೂ ಬರಿ ಮರವೂ ಹೆಚ್ಚುಕಡಿಮೆ ಒಂದೇ. ಮರ ಉಬ್ಬಿದರೆ ನಳಿಗೆ ಕೂರುವ ತೋಡು ಬಿಗಿಯುತ್ತದೆ, ಬೇಸಿಗೆಯಲ್ಲಿ ಸಡಿಲಾಗುತ್ತದೆ. ರೈಫಲ್ಲಾದರೆ ಗುರಿಯೇ ಕದಲುತ್ತದೆ. ಸಾಲದ್ದಕ್ಕೆ ಪೂರ್ತಿ ಒಣಗದ ಹಸಿ ಎಣ್ಣೆಯ ಮೇಲೆ ಬೂಷ್ಟು ಸೊಗಸಾಗಿ ಬೆಳೆಯುತ್ತದೆ. ಅಂಟಂಟಾದ ಹಿಡಿ, ಅದರ ಮೇಲೆ ಕೂತ ಧೂಳು, ಧೂಳಿನ ಮೇಲೆ ಮತ್ತೊಂದು ಕೈ ಎಣ್ಣೆ: ಎಷ್ಟೋ ಹಳೆಯ ಕೋವಿಗಳ ಮರ ಕಪ್ಪಾಗಿರುವುದು ವಯಸ್ಸಿನಿಂದಲ್ಲ, ಈ ಅತಿ ಉಪಚಾರದಿಂದ.

ಅದೇ ಅಳತೆಯಲ್ಲಿ ಎಣ್ಣೆಗಳಿಗಿಂತ ಎಷ್ಟೋ ಮೇಲೆ ನಿಂತದ್ದು ಅರಗು. ಬಡಗಿಗಳು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಎಳೆಯುವ ಫ್ರೆಂಚ್ ಪಾಲಿಶ್. ಹಬೆಯನ್ನು ಅದು ತಡೆಯುತ್ತದೆ, ನಿಂತ ನೀರನ್ನು ತಡೆಯದು. ಕೊಡವರು ಆಯುಧ ಪೂಜಿಸುವ ಸೆಪ್ಟೆಂಬರ್ 3ರ ಕೈಲ್ ಮುಹೂರ್ತದ ದಿನ ಕೋವಿಯನ್ನು ಹತ್ತಿರದಿಂದ ನೋಡಿ: ನಳಿಗೆಯ ಬಾಯಲ್ಲಿ ತೋಕ್‌ಪೂ ಎಂಬ ಹೂವು, ಹಿಡಿಯ ಮೇಲೆ ಬೆರಳಿನಿಂದೆಳೆದ ಹಸಿ ಗಂಧ. ಗಂಧ ಹಾಗೇ ಒಣಗಲು ಬಿಟ್ಟರೆ ಅರಗಿನ ಮೆರುಗಿನ ಮೇಲೆ ಬೆಳ್ಳನೆಯ ಕಲೆ ಉಳಿಯಬಹುದು. ಪೂಜೆಗೆ ಇಡುವ ಕೋವಿಗೆ ಪೂಜೆಯನ್ನೇ ತಾಳದ ಲೇಪವನ್ನು ನಾನಂತೂ ಹೇಳಲಾರೆ. ಒಳಪದರವಾಗಿ ಮಾತ್ರ ಅರಗಿಗೆ ಸಾಟಿಯಿಲ್ಲ. ಮುರಿದ ಹಿಡಿಯ ಜಾಗದಲ್ಲಿ ಊರಿನ ಬಡಗಿ ಬೀಟೆಯನ್ನೋ ತೇಗವನ್ನೋ ಕೆತ್ತಿ ಕೂರಿಸಿದ್ದರೆ ಇದು ಮುಖ್ಯ. ಆ ಮರಗಳ ಸ್ವಂತ ಜಿಡ್ಡು, ಅದರಲ್ಲೂ ಬೀಟೆಯದು, ಎಣ್ಣೆ ಮತ್ತು ವಾರ್ನಿಶ್ ಗಟ್ಟಿಯಾಗಲು ಬಿಡುವುದಿಲ್ಲ. ಮೇಣ ತೆಗೆದ ಅರಗಿನ ಒಂದು ತೆಳು ಕೈ ನಡುವೆ ಇದ್ದರೆ ಕೆಲಸ ಸಲೀಸು.

ಪಾಲಿಯುರೆಥೇನ್ ಬಗ್ಗೆ ಕಸುಬಿನವರಲ್ಲಿ ಇರುವ ತಾತ್ಸಾರ ಪೂರ್ತಿ ನ್ಯಾಯವಲ್ಲ. ತೇವ, ಬೆವರು, ಗಂಧ ಯಾವುದಕ್ಕೂ ಅದು ಸುಲಭಕ್ಕೆ ಜಗ್ಗದು. ಅಮೆರಿಕದ ರೆಮಿಂಗ್ಟನ್ ಕಂಪನಿ ತನ್ನ ಬೇಟೆ ರೈಫಲ್ಲುಗಳಿಗೆ ಡ್ಯೂಪಾಂಟ್‌ನ ಗಾಜಿನಂಥ ಗಟ್ಟಿ ಲೇಪ ಬಳಿದದ್ದೂ ಇಂಥ ಗಟ್ಟಿತನಕ್ಕಾಗಿಯೇ. ತೊಂದರೆ ಬರುವುದು ಮೊದಲ ಗೀರು ಬಿದ್ದ ಮೇಲೆ. ಕೋವಿಗೆ ಗೀರು ತಪ್ಪಿದ್ದಲ್ಲ: ಜೀಪಿನ ಹಿಂದೆ ಉರುಳುತ್ತದೆ, ಕಾಫಿ ಗಿಡಕ್ಕೆ ಒರೆಯುತ್ತದೆ, ಚುನಾವಣೆ ಬಂದರೆ ಠಾಣೆಯಲ್ಲಿ ಇನ್ನೊಂದಕ್ಕೆ ಒರಗಿ ನಿಲ್ಲುತ್ತದೆ. ಪದರ ಒಡೆದ ಕಡೆ ಬಿಳಿ ಗೆರೆ ಮೂಡಿ, ಅದರೊಳಗೆ ನೀರು ಇಳಿದು, ಸುತ್ತಲ ಲೇಪ ಮೇಲೇಳುತ್ತದೆ. ಅಷ್ಟು ಜಾಗಕ್ಕೆ ಮಾತ್ರ ತೇಪೆ ಹಾಕಿದರೆ ಎದ್ದು ಕಾಣುತ್ತದೆ. ಪೂರ್ತಿ ಕಿತ್ತು ಹೊಸದಾಗಿ ಹಾಕಬೇಕು.

ಹೀಗಾಗಿ ನನ್ನ ಮತ ಎರಡರ ನಡುವಿನದಕ್ಕೆ. ಅಗಸೆ ಅಥವಾ ಟಂಗ್ ಎಣ್ಣೆ, ಒಳ್ಳೆಯ ವಾರ್ನಿಶ್, ಟರ್ಪೆಂಟೈನ್ ಮೂರನ್ನೂ ಸಮ ಬೆರೆಸಿ ಬಟ್ಟೆಯಿಂದ ತಿಕ್ಕುವುದು, ಕಾಲು ಗಂಟೆ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯುವುದು, ಮರುದಿನ ಮತ್ತೆ. ಮೊದಲೆರಡು ಕೈಗಳಲ್ಲಿ ಲೇಪ ಹಸಿಯಿರುವಾಗಲೇ 400 ನಂಬರಿನ ಸ್ಯಾಂಡ್ ಪೇಪರಿನಿಂದ ತಿಕ್ಕಿದರೆ ಏಳುವ ಕೆಸರೇ ಆಕ್ರೋಟಿನ ರಂಧ್ರಗಳನ್ನು ತುಂಬುತ್ತದೆ. ಬೇರೆ ಫಿಲ್ಲರ್ ಬೇಡ. ಐದಾರು ಕೈ ಆದ ಮೇಲೆ ಮಂದ ಹೊಳಪು ಬರುತ್ತದೆ. ಮುಂದೆ ಗೀರು ಬಿದ್ದರೆ ಅಷ್ಟೇ ಜಾಗಕ್ಕೆ ಇನ್ನೊಂದು ಕೈ ತಿಕ್ಕಿದರಾಯಿತು. ಬರ್ಚ್‌ವುಡ್ ಕೇಸಿ ಕಂಪನಿಯ ಟ್ರೂ-ಆಯಿಲ್ ಇದೇ ಜಾತಿಯದು: ಹೆಸರಿನಲ್ಲಿ ಎಣ್ಣೆ, ನಡವಳಿಕೆಯಲ್ಲಿ ವಾರ್ನಿಶ್. ಅದರ ಹೊಳಪು ಸ್ವಲ್ಪ ಜಾಸ್ತಿ. ಕೊನೆಗೆ ಸ್ಟೀಲ್ ವೂಲ್‌ನಿಂದ ಇಳಿಸಿಕೊಳ್ಳಬೇಕು. ಏನೇ ಬಳಸಿದರೂ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೂ ಎಸೆಯಬೇಡಿ. ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ.

ಮೆರುಗಿನ ಬಗ್ಗೆ ಗಂಟೆಗಟ್ಟಲೆ ವಾದಿಸುವವರು ಕಾಣದ ಭಾಗಗಳನ್ನು ಮರೆಯುವುದೇ ಹೆಚ್ಚು. ನೀರು ಒಳಸೇರುವ ದಾರಿ ಕೆನ್ನೆಗೆ ತಾಗುವ ನುಣುಪಾದ ಜಾಗವಲ್ಲ. ಭುಜಕ್ಕೊರಗುವ ತುದಿಯ ಪಟ್ಟಿಯ ಕೆಳಗೆ ಬಾಯ್ತೆರೆದ ಅಡ್ಡನಾರು, ಕುದುರೆಯ ಯಂತ್ರ ಕೂರುವ ತೋಡು. ಅಲ್ಲಿ ಪಾಲಿಯುರೆಥೇನನ್ನೇ ತೆಳ್ಳಗೆ ಎರಡು ಕೈ ಬಳಿಯಿರಿ. ಯಾರ ಕಣ್ಣಿಗೂ ಬೀಳುವುದಿಲ್ಲ, ಗೀರೂ ಬೀಳುವುದಿಲ್ಲ.

ಹಳೆಯ ಲೇಪ ತೆಗೆಯುವಾಗ ಸ್ಯಾಂಡ್ ಪೇಪರ್ ಆತುರಗಾರನ ಆಯುಧ. ಮರ ಲೋಹಕ್ಕಿಂತ ತಗ್ಗಿತೆಂದರೆ ಮತ್ತೆ ಏರಿಸಲಾಗದು; ಹಿಡಿತಕ್ಕೆಂದು ಕೊರೆದ ಚೌಕುಳಿ ಗೀರುಗಳೂ ಅಳಿಯುತ್ತವೆ. ಪೇಂಟ್ ರಿಮೂವರ್ ಸಾಕು. ಯಂತ್ರದ ಸುತ್ತ ಇಳಿದ ಗ್ರೀಸಿನ ಕಪ್ಪನ್ನು ಸೀಮೆಸುಣ್ಣದ ಪುಡಿಗೆ ಅಸಿಟೋನ್ ಕಲಸಿ ಮೆತ್ತಿದರೆ ಅದು ಹೀರಿಕೊಳ್ಳುತ್ತದೆ. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟರೆ ತಗ್ಗುಗಳು ಹಬೆಗೆ ಮೇಲೇಳುತ್ತವೆ. ಇಷ್ಟಕ್ಕೂ ಕೈಹಾಕುವ ಮುನ್ನ ಮರದ ಮೇಲೆ ತಯಾರಕರ ಅಥವಾ ಸೇನೆಯ ಮುದ್ರೆ ಇದೆಯೇ ನೋಡಿ. ಇದ್ದರೆ ಕೆರೆಯುವ ಯೋಚನೆ ಬಿಡಿ. ಸಂಗ್ರಾಹಕರ ಕಣ್ಣಲ್ಲಿ ಹೊಸ ಮೆರುಗಿನಿಂದ ಅದರ ಬೆಲೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ಒಂದು ಕೈ ಜೇನುಮೇಣ ತಿಕ್ಕಿ ಇಟ್ಟರೆ ಸಾಕು.