‘ಮೌನ ವಸಂತ’ದ ಐದನೆಯ ಅಧ್ಯಾಯ

ರೇಚೆಲ್ ಕಾರ್ಸನ್ನರು 1962ರಲ್ಲಿ ಪ್ರಕಟಿಸಿದ ‘ಮೌನ ವಸಂತ’ವೆಂಬ ಆಂಗ್ಲ ಗ್ರಂಥವನ್ನು ನೆನೆದೊಡನೆ ವಾಚಕರ ಮನಸ್ಸಿಗೆ ಬರುವುದು ಹಕ್ಕಿಗಳ ದನಿಯಡಗಿದ ಬೆಳಗು. ಗ್ರಂಥದ ಹೆಸರೇ ಆ ಚಿತ್ರವನ್ನು ನೆಲೆಗೊಳಿಸಿದೆ. ಆದರೆ ಅದರ ವಾದಕ್ಕೆ ತಳಹದಿಯಾಗಿರುವುದು ಹಕ್ಕಿಗಳ ಪ್ರಕರಣವಲ್ಲ, ಮಣ್ಣಿನೊಳಗಣ ಜೀವಲೋಕವನ್ನು ನಿರೂಪಿಸುವ ಐದನೆಯ ಅಧ್ಯಾಯವೆಂದು ನಮ್ಮ ಅಭಿಪ್ರಾಯ.

ಮಣ್ಣನ್ನು ಜಡದ್ರವ್ಯವೆಂದೆಣಿಸದೆ, ಜೀವಿಗಳ ದುಡಿಮೆಯಿಂದಾದ ವಸ್ತುವೆಂದು ತೋರಿಸಿರುವುದೇ ಈ ಅಧ್ಯಾಯದ ಮುಖ್ಯ ಗುಣ. ಬಿದ್ದ ಎಲೆಯನ್ನು ನುಸಿಗಳೂ, ಬಾಲ ಚಿಮ್ಮಿ ನೆಗೆಯುವ ರೆಕ್ಕೆಯಿಲ್ಲದ ಕಿರುಜೀವಿಗಳೂ ಚೂರುಮಾಡುವುವು. ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಅದನ್ನು ಕೊಳೆಯಿಸಿ ಬೇರಿಗೆ ಆಹಾರವಾಗಿಸುವುವು. ಎರೆಹುಳು ಮೇಲುಮಣ್ಣನ್ನೂ ಒಳಮಣ್ಣನ್ನೂ ಬೆರೆಸುವುದು. ಎಂಟನೆಯ ಅಧ್ಯಾಯದ ರಾಬಿನ್ ಹಕ್ಕಿಗಳ ದುರಂತವೂ ಇದರ ಬೆಳಕಿನಲ್ಲಿಯೇ ಅರ್ಥವಾಗತಕ್ಕದ್ದು. ಎಲ್ಮ್ ಮರಗಳ ರೋಗವನ್ನು ಹರಡುವ ದುಂಬಿಯನ್ನು ಕೊಲ್ಲಲೆಂದು ಸಿಂಪಡಿಸಿದ ಡಿ.ಡಿ.ಟಿ. ಉದುರಿದೆಲೆಯ ಮೂಲಕ ಎರೆಹುಳುವಿನ ಮೈಯಲ್ಲಿ ಶೇಖರವಾಯಿತು. ಅಂತಹ 11 ದೊಡ್ಡ ಹುಳುಗಳೇ ಒಂದು ಹಕ್ಕಿಯ ಸಾವಿಗೆ ಸಾಕಾಗುತ್ತಿದ್ದುವು. ಹಕ್ಕಿಯ ಮೌನಕ್ಕೆ ಕಾರಣ ನೆಲದಲ್ಲಿತ್ತು.

ಕೊರತೆಯೂ ಇಲ್ಲದಿಲ್ಲ. ವಿಷವು ಸೇರಿದರೆ ಈ ಜೀವಿಗಳಿಗೇನಾಗುವುದೆಂದು ಕೇಳುವ ಗ್ರಂಥಕರ್ತ್ರಿಯು, ಜೀವಿಗಳೇ ಇಲ್ಲದೆಹೋದರೆ ಯಾವ ಯಾವ ಕಾರ್ಯ ನಿಲ್ಲುವುದೆಂಬುದನ್ನು ಕಡೆತನಕ ಅನುಸರಿಸಿಲ್ಲ. ವಿಜ್ಞಾನಿಗಳೇ ಮಣ್ಣಿನ ವಿಷಯವನ್ನು ಉಪೇಕ್ಷಿಸಿದ್ದರೆಂದು ಆಕೆ ಹೇಳಿರುವುದರಿಂದ ದೋಷವೆಲ್ಲ ಆಕೆಯದಲ್ಲ. ಉತ್ತರದ ಒಂದು ಭಾಗ ಮುಂದೆ ಆಸ್ಟ್ರೇಲಿಯದಿಂದ ದೊರೆಯಿತು. ಅಲ್ಲಿಯ ಸಗಣಿಹುಳುಗಳು ಕಾಂಗರು ಮೊದಲಾದ ಪ್ರಾಣಿಗಳ ಒಣ ಹಿಕ್ಕೆಗೆ ಒಗ್ಗಿದವು. 1788ರಿಂದೀಚೆಗೆ ಬಂದ ದನಗಳ ಸಗಣಿಯನ್ನು ಅವು ಬಹುಮಟ್ಟಿಗೆ ಮುಟ್ಟಲಿಲ್ಲ. ಸಗಣಿಯು ತಿಂಗಳುಗಟ್ಟಲೆ ಹುಲ್ಲುಗಾವಲಿನ ಮೇಲೆಯೇ ಉಳಿದು, ಅಡಿಯ ಹುಲ್ಲನ್ನಡಗಿಸಿ, ನೊಣಗಳಿಗೆ ನೆಲೆಯಾಯಿತು. ಜಾರ್ಜ್ ಬೊರ್ನೆಮಿಸ್ಸಾ ಅವರ ಸಲಹೆಯಂತೆ 1968ರಿಂದ ಹೊರದೇಶದ ಹುಳುಗಳನ್ನು ತಂದುಬಿಟ್ಟರು. ಅವು ನೆಲೆಯೂರಿದೆಡೆಯಲ್ಲಿ ಸಗಣಿ ನೆಲಕ್ಕಿಳಿದು, ಅದರ ಸಾರಜನಕ ಬೇರಿಗೆ ಒದಗಿತು. ಬಿಲಗಳ ದಾರಿಯಲ್ಲಿ ನೀರೂ ಗಾಳಿಯೂ ಒಳಹೊಕ್ಕುವು. ವಿಷದ ಸೋಂಕಿಲ್ಲದೆಯೂ, ತಕ್ಕ ಕೀಟದ ಅಭಾವವೊಂದೇ ನೆಲವನ್ನು ಕೆಡಿಸಬಲ್ಲುದೆಂಬುದಕ್ಕೆ ಇದು ನಿದರ್ಶನ.

2017ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು, 63 ರಕ್ಷಿತ ಪ್ರದೇಶಗಳಲ್ಲಿ 27 ವರ್ಷಗಳೊಳಗೆ ಹಾರುವ ಕೀಟಗಳ ಒಟ್ಟು ತೂಕವು ನೂರಕ್ಕೆ 75ಕ್ಕಿಂತ ಹೆಚ್ಚಾಗಿ ಇಳಿದುದನ್ನು ತೋರಿಸಿತು. ಅಲ್ಲಿ ಲೆಕ್ಕಕ್ಕೆ ಸಿಕ್ಕಿದುದು ಹಾರುವ ಜೀವಿ ಮಾತ್ರ. ಆದರೆ ದುಂಬಿ ನೊಣಗಳಲ್ಲಿ ಎಷ್ಟೋ ಜಾತಿಗಳು ಮರಿಹುಳುಗಳಾಗಿ ಮಣ್ಣಿನಲ್ಲಿ, ತರಗೆಲೆಯಲ್ಲಿ ಬಾಳುವುವು. ಗಾಳಿಯಲ್ಲಿ ಕಂಡ ಕೊರತೆಯು ನೆಲದ ಕೊರತೆಯ ಸೂಚನೆಯೂ ಆಗಿರಬಹುದು. ಕಂಡುದನ್ನು, ಕೇಳಿದುದನ್ನು ಮಾತ್ರ ನಷ್ಟವೆಂದೆಣಿಸುವ ನಮ್ಮ ಅಭ್ಯಾಸ ಇನ್ನೂ ಹೋಗಿಲ್ಲ.

ಆದಕಾರಣ, ಈ ಗ್ರಂಥವನ್ನು ಪಾಠ ಹೇಳುವ ಉಪಾಧ್ಯಾಯರು ಮೊದಲ ಅಧ್ಯಾಯದ ಕಲ್ಪಿತ ಊರಿನ ಕಥೆಯಲ್ಲಿಯೇ ನಿಲ್ಲದೆ ಐದನೆಯದನ್ನೂ ತಪ್ಪದೆ ಓದಿಸಬೇಕು. ಹಕ್ಕಿಯ ಹಾಡು ನಿಂತರೆ ನಮಗೆ ತಿಳಿಯುವುದು. ಎಲೆ ಕೊಳೆಯುವುದು ನಿಂತರೆ, ಬೆಳೆ ಸೊರಗುವ ತನಕ ತಿಳಿಯದು.